ಮೆಟ್ಟಿಲು ತೊಳೆಯುವ ಓನರಮ್ಮ

ನಿವೃತ್ತನಾದ ಎರಡನೇ ವರ್ಷಕ್ಕೆ ಮುದುಕ ಅವಳ ಮೇಜಿನ ಮೇಲೆ ಬಂದ.

ಆಸ್ಪತ್ರೆಯ ಶವಾಗಾರದಲ್ಲಿ ಅವಳಿಗೆ ಕೆಲಸ ಕಲಿಸಿದವನೇ ಆ ಮುದುಕ. ಸೂಜಿ ಹೇಗೆ ಹಿಡಿಯಬೇಕು, ಕೊಯ್ದ ಎದೆಯನ್ನು ಹೇಗೆ ಹೊಲಿಯಬೇಕು, ಸೆಟೆದ ಕೈಯನ್ನು ಮುರಿಯದೆ ಹೇಗೆ ಮಡಚಬೇಕು, ಎಲ್ಲ ಅವನದೇ ಪಾಠ. ನಿವೃತ್ತನಾದ ತಿಂಗಳಿಗೇ ಆಸ್ಪತ್ರೆಯವರು ಅವನ ಕ್ವಾರ್ಟರ್ಸಿಗೆ ಬೀಗ ಹಾಕಿಕೊಂಡರು. ಕೈಯಲ್ಲಿ ಹಣವಿತ್ತು, ಪಿಂಚಣಿ ಬರುತ್ತಿತ್ತು. ಊರೆಲ್ಲ ಸುತ್ತಿದರೂ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಏನು ಕೆಲಸದಲ್ಲಿದ್ದೆ ಎಂದು ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ಬಾಗಿಲು ಮುಚ್ಚುತ್ತಿತ್ತು. ಕೊನೆಗೆ ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿನಲ್ಲಿ ರಟ್ಟು ಹಾಸಿಕೊಂಡು ಮಲಗಿದ. ಒಂದು ಬೆಳಿಗ್ಗೆ ಏಳಲಿಲ್ಲ.

ಅವನನ್ನು ತೊಳೆದವಳು ಅವಳೇ. ಅಂದೇ ತೀರ್ಮಾನಿಸಿದಳು, ನಾನು ಹೀಗೆ ಸಾಯುವುದಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ದೊಡ್ಡ ಡಾಕ್ಟರೂ ಅಕ್ಕ ಎನ್ನುತ್ತಾರೆ, ಗೇಟಿನ ಗಾರ್ಡೂ ಅಕ್ಕ ಎನ್ನುತ್ತಾನೆ. ಅಕ್ಕನ ಕೈಯಿಂದ ಒಂದು ಲೋಟ ನೀರು ಮಾತ್ರ ಯಾರೂ ಕುಡಿಯುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ಕೆಲಸ. ಡಾಕ್ಟರು ಕೊಯ್ದು, ಕೈ ತೊಳೆದುಕೊಂಡು, ಟೀ ಕುಡಿಯಲು ಹೋದ ಮೇಲೆ ಉಳಿದದ್ದೆಲ್ಲ ಅವಳ ಪಾಲು. ಹೊಲಿಯಬೇಕು. ಪೈಪು ಹಿಡಿದು ತೊಳೆಯಬೇಕು. ಜೋತುಬಿದ್ದ ದವಡೆಯನ್ನು ಬಟ್ಟೆಯ ಪಟ್ಟಿಯಿಂದ ಎತ್ತಿ ಕಟ್ಟಬೇಕು. ಎಂಬತ್ತು ಕಿಲೋದ ಹೆಣಗಳನ್ನು ಮೇಜಿನಿಂದ ಮೇಜಿಗೆ ಎಳೆದು ಅವಳ ಸೊಂಟ ಬಿದ್ದುಹೋಗಿದೆ. ಔಷಧದ ನೀರಿಗೆ ಬೆರಳ ತುದಿ ಸುಲಿದು ಗೆರೆಗಳೇ ಅಳಿಸಿವೆ. ಹೆಬ್ಬೆಟ್ಟು ಇಟ್ಟರೆ ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪುವುದಿಲ್ಲ.

ಕೆಲಸದಲ್ಲಿ ಅವಳದೊಂದು ಹಟವಿದೆ. ಸೇರಿದ ಮೊದಲ ವರ್ಷ ಗುಮಾಸ್ತನ ತಪ್ಪಿನಿಂದ ಒಬ್ಬರ ಹೆಣ ಇನ್ನೊಬ್ಬರ ಮನೆಗೆ ಹೋಯಿತು. ಗುಮಾಸ್ತನಿಗೆ ಏನೂ ಆಗಲಿಲ್ಲ. ಹೆಣದ ಮಗ ಬಂದು ಇವಳ ಕೆನ್ನೆಗೆ ಬಾರಿಸಿದ. ಅವತ್ತಿನಿಂದ ಕಾಗದವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಸಾಲಿನ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದುತ್ತಾಳೆ. ಹೆಸರು, ತಂದೆಯ ಹೆಸರು, ವಿಳಾಸ, ಉದ್ಯೋಗ. ಎಲ್ಲ ತಾಳೆಯಾದ ಮೇಲೇ ಸಹಿ. ಮಂತ್ರಿಯ ಕಡೆಯಿಂದ ಫೋನು ಬಂದರೂ ಅಷ್ಟೇ. ಸತ್ತವರ ಕಡೆಯವರು ರೇಗುತ್ತಾರೆ, ಗುಮಾಸ್ತರು ನಗುತ್ತಾರೆ. ಅವಳು ಓದುತ್ತಾಳೆ.

ಮುದುಕನನ್ನು ಕಳಿಸಿದ ಮಾರನೇ ವಾರ ಅಕ್ಕ ಬ್ಯಾಂಕಿಗೆ ಹೋದಳು. ಅವಳ ನಿವೃತ್ತಿಗೆ ಇನ್ನು ಐದು ವರ್ಷವಿತ್ತು. ಲೆಕ್ಕ ಸರಳವಾಗಿತ್ತು. ಮೂರು ಮನೆಗಳಿರುವ ಒಂದು ಹಳೆಯ ಕಟ್ಟಡ ಮಾರಾಟಕ್ಕಿತ್ತು. ಸಾಲ ಮಾಡಿ ಕೊಳ್ಳುವುದು, ಮೂರನ್ನೂ ಬಾಡಿಗೆಗೆ ಕೊಡುವುದು, ಬಾಡಿಗೆಯಿಂದ ಕಂತು ಕಟ್ಟುವುದು. ಐದು ವರ್ಷದ ಮೇಲೆ ಕ್ವಾರ್ಟರ್ಸಿನಿಂದ ಹೊರದಬ್ಬಿದಾಗ ಕೆಳಗಿನ ಮನೆಗೆ ತಾನೂ ಮಗಳೂ ಹೋಗಿ ಸೇರುವುದು. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಹಣವಂತರು ಹಣ ಮಾಡುವುದು ಹೀಗೇ ಅಲ್ಲವೇ, ನಾವು ಮಾಡಿದರೆ ಏನು ಎಂದುಕೊಂಡಳು.

ಮ್ಯಾನೇಜರು ಸಂಬಳದ ಚೀಟಿ ನೋಡಿ ಕುರ್ಚಿ ತೋರಿಸಿದರು.

"ಬರೀ ಸಂಬಳದ ಮೇಲೆ ಇಷ್ಟು ಸಾಲ ಕೊಡೋಕಾಗಲ್ಲಮ್ಮ. ಬಾಡಿಗೆ ಬರುತ್ತೆ ಅಂತ ತೋರಿಸಿದ್ರೆ ಅದರಲ್ಲಿ ಅರ್ಧ ನಿಮ್ಮ ಆದಾಯಕ್ಕೆ ಸೇರಿಸ್ಕೋತೀವಿ. ಬೆಲೇಲಿ ಐದರಲ್ಲೊಂದು ಪಾಲು ನೀವು ಕೈಯಿಂದ ಹಾಕ್ಬೇಕು. ಸಾಲ ತೀರೋವರೆಗೂ ಮನೆ ಪತ್ರ ನಮ್ಮ ಹತ್ರಾನೇ ಇರುತ್ತೆ. ಮೂರು ಕಂತು ತಪ್ಪಿದ್ರೆ..."

"ತಪ್ಪಿದ್ರೆ?"

"ತಪ್ಪಿಸ್ಬೇಡಿ," ಎಂದು ಮ್ಯಾನೇಜರು ನಕ್ಕರು. ತಮ್ಮ ಜೇಬಿನ ಪೆನ್ನು ತೆಗೆದು ಕೊಟ್ಟರು. "ಇಲ್ಲೊಂದು ಸಹಿ ಹಾಕಿ. ಆಸ್ಪತ್ರೆಯಲ್ಲಿ ನೀವು ನರ್ಸಾ?"

"ಅಲ್ಲ ಸಾರ್. ಶವಾಗಾರದಲ್ಲಿ. ಹೆಣ ತೊಳೆಯೋದು."

ಅವಳು ಪೂರ್ತಿ ಓದಿ, ಸಹಿ ಹಾಕಿ, ಪೆನ್ನು ಚಾಚಿದಳು. ಮ್ಯಾನೇಜರು ಕೈ ಚಾಚಲಿಲ್ಲ.

"ಪೆನ್ನು ನೀವೇ ಇಟ್ಕೊಳ್ಳಿ," ಎಂದರು.

ಸಾಲ ಮಂಜೂರಾಯಿತು. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದು, ಭವಿಷ್ಯನಿಧಿಯಿಂದ ಎತ್ತಿದ್ದು, ಕಿವಿಯಲ್ಲಿದ್ದದ್ದು, ಎಲ್ಲ ಸೇರಿ ಆ ಐದನೇ ಒಂದು ಪಾಲಾಯಿತು. ಪತ್ರ ಅವಳ ಹೆಸರಿಗೆ ಆಗಿ, ಬ್ಯಾಂಕಿನ ಕಪಾಟು ಸೇರಿತು. ಖಾಲಿ ಮನೆಯ ಮೂರು ಬೀಗದಕೈಗಳನ್ನು ಕೈಯಲ್ಲಿ ಹಿಡಿದುಕೊಂಡು ಅಕ್ಕ ಆ ದಿನ ಅಂಗಳದಲ್ಲಿ ತುಂಬ ಹೊತ್ತು ನಿಂತಿದ್ದಳು. ಅವಳಿಗೆ ಸಂತೋಷವಾಗಿತ್ತು. ಸಂತೋಷ ಅಂಥ ದೊಡ್ಡ ಅಪರಾಧವೇನಲ್ಲ.

ಬಾಡಿಗೆದಾರರನ್ನು ತರಲು ಬ್ರೋಕರು ಬಂದ. ಬೆಣ್ಣೆಯಂಥ ಮಾತಿನ ಮನುಷ್ಯ, ಸದಾ ಇಸ್ತ್ರಿಯ ಶರ್ಟು.

"ಅಕ್ಕಾ, ಮನೆ ಚಿನ್ನ. ಆದ್ರೆ ನಿಮ್ಮ ಕೆಲಸ ಗೊತ್ತಾದ್ರೆ ಒಂದು ನರಪಿಳ್ಳೆನೂ ಈ ಕಡೆ ತಲೆ ಹಾಕಲ್ಲ. ನನಗೇನಿಲ್ಲ ಅಕ್ಕಾ, ಜನ ಹಾಗೆ."

"ಮತ್ತೇನ್ಮಾಡೋದು?"

"ನೀವು ಓನರ್ ಅಂತ ಹೇಳೋದೇ ಬೇಡ. ಓನರ್ ದೂರದಲ್ಲಿದ್ದಾರೆ, ನಾನು ಅವರ ಕಡೆಯವನು, ಅಷ್ಟೇ. ಅಗ್ರಿಮೆಂಟು ನಾನು ಮಾಡ್ಕೋತೀನಿ, ಬಾಡಿಗೆ ತಂದು ನಿಮ್ಮ ಕೈಗೆ ಕೊಡ್ತೀನಿ. ಮನೆ ಮೇಲೆ ಕಣ್ಣಿಡ್ಬೇಕು ಅಂದ್ರೆ ವಾರಕ್ಕೊಂದ್ಸಲ ಗುಡಿಸೋಕೆ ಬರೋಳ ಹಾಗೆ ಬನ್ನಿ. ಕೂಲಿನೂ ಉಳೀತು."

ಮಗಳು ಔಷಧದಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ಇಪ್ಪತ್ತರ ಹುಡುಗಿ. ಕೇಳಿ ಕೆಂಡವಾದಳು.

"ನಮ್ಮನೆಗೆ ನಾವೇ ಕೆಲಸದೋರಾ? ನಿಂಗೆ ತಲೆ ಕೆಟ್ಟಿದ್ಯೇನಮ್ಮಾ?"

"ಐದು ವರ್ಷ ಕಣೇ. ಐದು ವರ್ಷ ಹಲ್ಲು ಕಚ್ಕೊಂಡಿದ್ರೆ ಆಯ್ತು."

"ಅಷ್ಟೊತ್ತಿಗೆ ಹಲ್ಲೂ ಇರಲ್ಲ, ಮನೆನೂ ಇರಲ್ಲ," ಎಂದಳು ಮಗಳು.

ಅಕ್ಕ ಕೇಳಲಿಲ್ಲ. ಹೆಣ ಮುಟ್ಟುವ ಕೈಯನ್ನು ಹಿಂದೆ ಕಟ್ಟಿಕೊಂಡು ಬದುಕಿ ಅವಳಿಗೆ ಅಭ್ಯಾಸವಾಗಿಹೋಗಿತ್ತು. ಇನ್ನಷ್ಟು ಬಚ್ಚಿಟ್ಟುಕೊಂಡರೆ ಏನು ಮಹಾ ಎಂದುಕೊಂಡಳು. ಇದು ಅವಳ ತಪ್ಪು. ಒಬ್ಬ ಕಳ್ಳನ ಕೈಗೆ ಅವಳು ಬೀಗದಕೈ ಕೊಡಲಿಲ್ಲ, ತನ್ನ ನಾಚಿಕೆಯನ್ನು ಕೊಟ್ಟಳು. ಬೀಗವಾದರೆ ಬದಲಾಯಿಸಬಹುದಿತ್ತು.

ಮೂರು ಮನೆಯೂ ತುಂಬಿತು. ಕೆಳಗೆ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಲೆ ಬಟ್ಟೆ ಅಂಗಡಿಯವನ ಸಂಸಾರ, ಜೊತೆಗೆ ಅವನ ವಯಸ್ಸಾದ ತಂದೆ. ಇನ್ನೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ಪ್ರತಿ ಭಾನುವಾರ ಅಕ್ಕ ಹೋಗುತ್ತಿದ್ದಳು. ಅಂಗಳ ಗುಡಿಸುತ್ತಿದ್ದಳು. ಮಂಡಿಯೂರಿ ಇಪ್ಪತ್ತೆರಡು ಮೆಟ್ಟಿಲು ತಿಕ್ಕುತ್ತಿದ್ದಳು. ತಿಂಗಳಿಗೊಮ್ಮೆ ತಾರಸಿಯ ನೀರಿನ ಟ್ಯಾಂಕಿಗೆ ಇಳಿದು, ಕುಕ್ಕರಗಾಲಲ್ಲಿ ಕೂತು, ಪಾಚಿ ಕೆರೆದು, ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕುತ್ತಿದ್ದಳು. ಆರು ದಿನ ಹೆಣ, ಏಳನೇ ದಿನ ಸ್ವಂತ ಮನೆ. ಸೊಂಟಕ್ಕೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಬರೀ ಗುಡಿಸುವವಳು ಎಂದುಕೊಂಡೇ ಅವರು ನಡೆಸಿಕೊಂಡ ರೀತಿಯನ್ನೂ ಹೇಳಬೇಕು. ಮೇಷ್ಟ್ರ ಹೆಂಡತಿ ಅವಳಿಗೆಂದೇ ಕಿಟಕಿಯಲ್ಲಿ ಒಂದು ಪ್ಲಾಸ್ಟಿಕ್ ಲೋಟ ಇಟ್ಟಿದ್ದಳು. ಮೇಲಿನಿಂದ ಟೀ ಸುರಿಯುತ್ತಿದ್ದಳು, ಲೋಟಕ್ಕೆ ತಾಗದ ಹಾಗೆ. "ಏಯ್, ಮೂಲೇಲಿ ಕಸ ಬಿಟ್ಟಿದ್ದೀಯ ನೋಡು. ಓನರಿಗೆ ಹೇಳಿ ನಿನ್ನ ಸಂಬಳ ಹಿಡಿಸ್ತೀನಿ," ಎನ್ನುತ್ತಿದ್ದಳು. ಅಕ್ಕ ತುಟಿಪಿಟಕ್ಕೆನ್ನದೆ ಆ ಮೂಲೆ ಗುಡಿಸುತ್ತಿದ್ದಳು. ಬಟ್ಟೆ ಅಂಗಡಿಯವನ ತಂದೆಯೊಬ್ಬರೇ ಮೆಟ್ಟಿಲಿಳಿಯುವಾಗ ನಿಂತು, "ತಿಂಡಿ ಆಯ್ತೇನಮ್ಮಾ?" ಎಂದು ಕೇಳುತ್ತಿದ್ದವರು.

ಇತ್ತ ಬ್ರೋಕರು ಬೆಳೆಯುತ್ತಿದ್ದ. ಮೊದಲು ಓನರ್ ಕಡೆಯವನಾಗಿದ್ದ. ಆರು ತಿಂಗಳಿಗೆ ಬಾಡಿಗೆದಾರರು "ಓನರೇ" ಎಂದು ಕರೆಯತೊಡಗಿದರು, ಅವನು ತಿದ್ದಲಿಲ್ಲ. ಒಂದು ಭಾನುವಾರ ಅಕ್ಕ ಬಂದು ನೋಡಿದರೆ ಗೇಟಿನ ಮೇಲೆ ಅವನ ಹೆಸರಿನ ಹಿತ್ತಾಳೆ ಫಲಕ. "ಪೋಸ್ಟ್‌ಮ್ಯಾನಿಗೆ ಅನುಕೂಲ ಆಗ್ಲಿ ಅಂತ," ಎಂದ. ಆ ಫಲಕವನ್ನು ಒರೆಸುವ ಕೆಲಸವೂ ಅವಳದೇ ಆಯಿತು. ಐದನೇ ತಾರೀಕಿಗೆ ಬರುತ್ತಿದ್ದ ಬಾಡಿಗೆ ಹದಿನೈದಕ್ಕೆ ಬಂತು, ಆಮೇಲೆ ಇಪ್ಪತ್ತೈದಕ್ಕೆ. ಬಣ್ಣದ ಖರ್ಚು, ಪೈಪಿನ ಖರ್ಚು ಎಂದು ಮುರಿದುಕೊಂಡ. ಎರಡು ವರ್ಷ ತುಂಬುವ ಹೊತ್ತಿಗೆ ಬರುವುದೇ ನಿಂತಿತು.

"ಕೊಟ್ಟಿಲ್ಲ ಅಕ್ಕಾ ಅವರು. ಕೇಳ್ತಾನೇ ಇದ್ದೀನಿ."

ಆ ಭಾನುವಾರ ಮೇಷ್ಟ್ರ ಹೆಂಡತಿ ಟೀ ಸುರಿಯುತ್ತಾ ಹೆಮ್ಮೆಯಿಂದ ಹೇಳಿದಳು. "ನಾವು ಒಂದನೇ ತಾರೀಕು ತಪ್ಪಿಸಿದೋರೇ ಅಲ್ಲಪ್ಪ. ಓನರು ಏನಾದ್ರೂ ಅನ್ನೋ ಹಾಗಿರಬಾರದು ನೋಡು."

ಬಾಡಿಗೆ ಯಾರ ಜೇಬಿನಲ್ಲಿ ನಿಂತಿದೆ ಎಂದು ಅಕ್ಕನಿಗೆ ತಿಳಿಯಿತು. ಕೇಳಬೇಕಾದವಳು ತಾನು, ಕೊಟ್ಟವರು ಎದುರಿಗೇ ಇದ್ದಾರೆ, ಕೇಳುವಂತಿಲ್ಲ. ಟೀ ಕುಡಿದು, ಲೋಟ ತೊಳೆದು, ಕಿಟಕಿಯಲ್ಲಿಟ್ಟು, ಮೆಟ್ಟಿಲು ಹತ್ತಿದಳು. ಎರಡು ಕಂತು ತಪ್ಪಿತು. ಬ್ಯಾಂಕಿನ ಮೊದಲ ಕಾಗದ ಬಂತು. ಅವಳು ಅದನ್ನು ಮೂರು ಸಲ ಓದಿದಳು. ಓದಿದಷ್ಟೂ ಅದರಲ್ಲಿದ್ದದ್ದು ಅಷ್ಟೇ.

ಮತ್ತೊಂದು ವಾರ ಕಳೆದಿರಲಿಲ್ಲ. ಬಟ್ಟೆ ಅಂಗಡಿಯವನ ತಂದೆ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಅವಳ ಮೇಜಿಗೆ ಬಂದರು.

ಅಕ್ಕ ಬಿಳಿ ಬಟ್ಟೆ ಸರಿಸಿದಳು, ಗುರುತು ಹಿಡಿದಳು. ಒಬ್ಬಳೇ ಇದ್ದಳು, ಅತ್ತಳು. ಯಾವ ಹೆಣಕ್ಕೂ ಹೊಲಿಯದಷ್ಟು ಸಣ್ಣ ಹೊಲಿಗೆ ಹೊಲಿದಳು. ಹಣೆಯ ರಕ್ತವನ್ನು ಹತ್ತಿಯಿಂದ ಒರೆಸಿ, ಕೂದಲು ಬಾಚಿ, ಬಾಯಿ ಕಟ್ಟಿದಳು. ಹೊರಗೆ ಮಗ ಕಾಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಕಾಗದ ಓದಿ ಹೆಣ ಕೊಡಬೇಕಾದವಳು ತಾನೇ ಎಂದೂ ಗೊತ್ತಿತ್ತು. ಅವತ್ತು ಬೇರೆ ಯಾರೂ ಡ್ಯೂಟಿಯಲ್ಲಿರಲಿಲ್ಲ.

ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದು ಓದಿದಳು. ಸತ್ತವರ ಹೆಸರು. ಅವರ ತಂದೆಯ ಹೆಸರು. ವಿಳಾಸ, ತನ್ನದೇ ಮನೆಯ ವಿಳಾಸ. ದನಿ ಕೇಳಿ ಬಟ್ಟೆ ಅಂಗಡಿಯವನು ತಲೆ ಎತ್ತಿದ. ಅವಳ ಕಣ್ಣು ನೋಡಿದ. ಕೈಗವಸು ನೋಡಿದ.

"ನೀನು... ನಮ್ಮ ಟ್ಯಾಂಕು ತೊಳೆಯೋಳಲ್ವಾ?"

ತಂದೆಯ ಹೆಣ ಎದುರಿಗಿತ್ತು, ಅವನಿಗೆ ಟ್ಯಾಂಕಿನ ಚಿಂತೆ. ಅಕ್ಕ ಹೌದು ಎಂದಳು. ಸಹಿ ಎಲ್ಲಿ ಎಂದು ತೋರಿಸಿದಳು.

ಎರಡು ದಿನದಲ್ಲಿ ಬ್ರೋಕರು ಶವಾಗಾರದ ಹಿಂಬಾಗಿಲಿಗೆ ಬಂದ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದ.

"ಅಕ್ಕಾ, ಮೂರೂ ಮನೆಯೋರು ಎದ್ದು ಕೂತಿದ್ದಾರೆ. ಭಾನುವಾರ ಮೀಟಿಂಗ್ ಅಂತೆ. ಈಗ ಒಂದು ಸಣ್ಣ ನಾಟಕ ಆಡ್ಬೇಕು. ಅವರೆದುರಿಗೆ ನಿಮ್ಮನ್ನ ಕೆಲಸದಿಂದ ತೆಗೆದ ಹಾಗೆ ಮಾಡ್ತೀನಿ. ಸಂಬಳ ಚುಕ್ತಾ ಆಯ್ತು ಅಂತ ಒಂದು ಕಾಗದ ಕೊಡ್ತೀನಿ, ಬಾಯಿ ಮುಚ್ಕೊಂಡು ಸಹಿ ಹಾಕ್ಬಿಡಿ. ಜನ ತಣ್ಣಗಾಗ್ತಾರೆ, ಬಾಡಿಗೆ ಬರುತ್ತೆ, ನಿಮ್ಮ ಕಂತೂ ಕಟ್ಟಬಹುದು."

"ಸಹಿ ಯಾಕಪ್ಪಾ?"

"ಅವರಿಗೆ ನಂಬಿಕೆ ಬರ್ಬೇಕಲ್ಲಾ ಅಕ್ಕಾ. ಇಲ್ಲಾಂದ್ರೆ ಮನೆ ಖಾಲಿ. ಖಾಲಿ ಆದ್ರೆ ಬ್ಯಾಂಕು. ನೀವೇ ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ನಾಲ್ಕು ದಿನ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಬ್ರೋಕರು ನಡುವೆ ಕೂತಿದ್ದ. ಮೇಷ್ಟ್ರು, ಅವರ ಹೆಂಡತಿ, ಆಫೀಸಿನ ಗಂಡಹೆಂಡತಿ, ತಲೆ ಬೋಳಿಸಿಕೊಂಡ ಬಟ್ಟೆ ಅಂಗಡಿಯವನು, ಎಲ್ಲರೂ ಕೂತಿದ್ದರು. ಅಕ್ಕನಿಗೆ ನಿಲ್ಲಲು ನೀರಿನ ನಲ್ಲಿಯಿಂದ ದೂರದ ಜಾಗ ತೋರಿಸಿದರು. ಮಗಳು ಬೇಡವೆಂದರೂ ಜೊತೆಗೆ ಬಂದಿದ್ದಳು, ಗೇಟಿನ ಬಳಿ ನಿಂತಿದ್ದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಯಾವ ಕೆಲಸನೂ ಕೀಳಲ್ಲ. ನಾನು ಮಕ್ಕಳಿಗೆ ದಿನಾ ಹೇಳೋದೇ ಅದು. ಆದ್ರೆ ನೀನು ಎರಡು ವರ್ಷ ನಮಗೆ ಮೋಸ ಮಾಡಿದ್ದೀಯ. ಹೆಣ ಮುಟ್ಟಿದ ಕೈಯಲ್ಲಿ ನಾವು ಕುಡಿಯೋ ನೀರು..."

"ಕೈ ಅಷ್ಟೇನಾ? ಕಾಲು! ಒಳಗೆ ಇಳೀತಿದ್ಲು!" ಎಂದಳು ಅವರ ಹೆಂಡತಿ. ಅವಳ ಮುಖ ಕಿವುಚಿಹೋಗಿತ್ತು. "ನನಗೆ ಐದು ದಿನದಿಂದ ನೀರು ಗಂಟಲಲ್ಲಿ ಇಳೀತಿಲ್ಲ."

"ಟ್ಯಾಂಕು ಒಡೆಸಿ ಹೊಸದು ಹಾಕಿಸಿ ಓನರೇ," ಎಂದ ಬಟ್ಟೆ ಅಂಗಡಿಯವನು. "ಇವಳು ಈ ಗೇಟು ದಾಟಬಾರದು."

ಅಕ್ಕ ಅವನ ಮುಖ ನೋಡಿದಳು. ನಿಮ್ಮಪ್ಪನ ತಲೆ ಬಾಚಿದ್ದೂ ಇದೇ ಕೈ ಎಂಬ ಮಾತು ಬಾಯಿಗೆ ಬಂತು. ಹೇಳಲಿಲ್ಲ. ಆ ಮಾತಿಗೆ ಅವನು ಯೋಗ್ಯನಲ್ಲ ಅನ್ನಿಸಿತು.

ಬ್ರೋಕರು ದೊಡ್ಡ ಮನಸ್ಸಿನವನಂತೆ ಕೈ ಎತ್ತಿದ. "ಇವತ್ತಿಗೇ ಮುಗೀತು. ಇವಳ ಲೆಕ್ಕ ಚುಕ್ತಾ ಮಾಡ್ತಿದ್ದೀನಿ. ಎಲ್ಲಾ ಕಾಗದದ ಮೇಲೇ ಆಗಿಬಿಡ್ಲಿ. ಬಾ ಇಲ್ಲಿ, ಸಹಿ ಹಾಕು. ಮೇಷ್ಟ್ರೇ, ಸಾಕ್ಷಿಗೆ ನಿಮ್ಮದೂ ಒಂದು ಸಹಿ."

ಎರಡು ವರ್ಷದಲ್ಲಿ ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ. ನಾಟಕ ಎಂದಿದ್ದ. ಅವನ ಬಾಯಲ್ಲಿ ಅದು ನಾಟಕದಂತೆ ಕೇಳಲಿಲ್ಲ.

ಎರಡು ಹಾಳೆ. ಮೇಲಿನ ಹಾಳೆಯನ್ನು ಅವನು ಅಂಗೈಯಿಂದ ಮುಚ್ಚಿ ಹಿಡಿದು ಎರಡನೆಯದರ ಕೊನೆಗೆ ಬೆರಳಿಟ್ಟು ತೋರಿಸುತ್ತಿದ್ದ. ಅಕ್ಕ ಪೆನ್ನು ತೆಗೆದುಕೊಂಡಳು. ಆಮೇಲೆ ಅವನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅದು ಬೇಕೆಂದು ಮಾಡಿದ್ದಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಅವಳ ಕೈ ಕಾಗದ ಕಂಡಾಗ ಮಾಡುವುದೇ ಅದು. ಮೊದಲ ಸಾಲಿಗೆ ಬೆರಳಿಟ್ಟಳು.

"ಓದೋದೇನಿದೆ? ಹಾಕು," ಎಂದ ಬ್ರೋಕರು.

ಅವನ ಧೈರ್ಯ ಒಂದೇ. ಆ ಕಾಗದದಲ್ಲಿದ್ದದ್ದನ್ನು ಇವರೆಲ್ಲರ ಎದುರು ಓದಿದರೆ ಓನರ್ ಅವಳೇ ಎಂಬ ಗುಟ್ಟು ಬಯಲಾಗುತ್ತದೆ, ಹಾಗಾಗಿ ಓದಲಾರಳು. ಇನ್ನೊಬ್ಬರ ನಾಚಿಕೆಯ ಮೇಲೆ ವ್ಯಾಪಾರ ಮಾಡುವವರ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಅಕ್ಕನ ಕಣ್ಣು ಎರಡನೇ ಸಾಲಿಗೆ ಇಳಿಯಿತು. ಕಣ್ಣೆತ್ತಿ ನೋಡಿದಳು. ಗೇಟಿನ ಬಳಿ ಮಗಳು ಇದ್ದಳು, ಎದುರಿಗೆ ಕುರ್ಚಿಗಳಿದ್ದವು, ಅವಳಿಗೆ ಆ ಸೈಕಲ್ ಸ್ಟ್ಯಾಂಡು ಕಾಣಿಸಿತು.

ಶವಾಗಾರದ ಬಾಗಿಲಲ್ಲಿ ಓದುವ ದನಿಯಲ್ಲೇ ಶುರುಮಾಡಿದಳು.

"ಕ್ರಯದ ಕರಾರು ಪತ್ರ. ಈ ಕೆಳಗೆ ಸಹಿ ಮಾಡಿರುವ ನಾನು..." ತನ್ನ ಹೆಸರು ಓದಿದಳು. ತನ್ನ ತಂದೆಯ ಹೆಸರು ಓದಿದಳು. "ಉದ್ಯೋಗ, ಶವಾಗಾರದ ಸಹಾಯಕಿ. ಈ ಮೂರು ಮನೆಗಳುಳ್ಳ ಕಟ್ಟಡದ ಸಂಪೂರ್ಣ ಮಾಲೀಕಳಾಗಿದ್ದು, ನನ್ನ ಸಂಸಾರದ ಅಡಚಣೆಗಾಗಿ..."

"ಏನದು?" ಎಂದರು ಮೇಷ್ಟ್ರು.

"...ನನ್ನ ಸಂಸಾರದ ಅಡಚಣೆಗಾಗಿ ಸದರಿ ಕಟ್ಟಡವನ್ನು ಮಾರಲು ಒಪ್ಪಿ, ಪೂರ್ತಿ ಹಣವನ್ನು ಈ ದಿನ ಸಾಕ್ಷಿಗಳ ಸಮಕ್ಷಮ ಎಣಿಸಿ ಪಡೆದಿರುತ್ತೇನೆ." ತಲೆ ಎತ್ತಿದಳು. "ಸಾಕ್ಷಿ ನೀವು ಮೇಷ್ಟ್ರೇ. ನಾನು ಹಣ ಎಣಿಸಿದ್ದು ನೋಡಿದ್ರಾ?"

ಅವಳ ಮನೆ ಕದಿಯಬೇಕಾದರೆ ಅದು ಅವಳ ಮನೆ ಎಂದು ಅವನು ಬರೆಯಲೇಬೇಕಿತ್ತು. ಬರೆದಿದ್ದ. ಬ್ರೋಕರು ಕಾಗದಕ್ಕೆ ಕೈ ಹಾಕಿದ. ಎಳೆದ. ಬರಲಿಲ್ಲ. ಅದು ಎಂಬತ್ತು ಕಿಲೋ ಎತ್ತುವ ಕೈ.

"ಮತ್ತೆ ನೀನ್ಯಾಕೆ ಮೆಟ್ಟಿಲು ತೊಳೀತಿದ್ದೆ?" ಎಂದಳು ಮೇಷ್ಟ್ರ ಹೆಂಡತಿ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನನ್ನ ಮನೆ ಮೆಟ್ಟಿಲಮ್ಮ. ನೀವು ಬರ್ಲಿ ಅಂತ ಬಚ್ಚಿಟ್ಕೊಂಡು ತೊಳೀತಿದ್ದೆ."

ಮೇಷ್ಟ್ರು ಎದ್ದು ನಿಂತರು. "ನೀವು ಓನರ್ ಅಂತ ಗೊತ್ತಿದ್ರೆ ನಾವು ಬರ್ತಾನೇ ಇರ್ಲಿಲ್ಲ."

"ಗೊತ್ತು ಮೇಷ್ಟ್ರೇ. ಈಗ ನಿಮಗೂ ಗೊತ್ತಾಯ್ತಲ್ಲ. ಇರೋದಾದ್ರೆ ಇರಿ, ಬಾಡಿಗೆ ನನ್ನ ಕೈಗೆ ಕೊಡಿ. ಟ್ಯಾಂಕು ಒಡೆಯಲ್ಲ. ನಾನೇ ತೊಳೀತೀನಿ, ಇದೇ ಕೈಯಲ್ಲಿ. ಕುಡಿಯೋಕಾಗಲ್ಲ ಅನ್ನೋರು ಹೋಗಬಹುದು. ಅಡ್ವಾನ್ಸು ಯಾರ ಕೈಗೆ ಕೊಟ್ರೋ, ರಸೀದೀಲಿ ಯಾರ ಸಹಿ ಇದ್ಯೋ, ಅವರನ್ನ ಕೇಳಿ. ಅಲ್ಲೇ ಕೂತಿದ್ದಾರೆ."

ಬ್ರೋಕರು ಇಸ್ತ್ರಿಯ ಶರ್ಟು ಸರಿಮಾಡಿಕೊಂಡ. ಹೋಗುವಾಗ ಅವಳ ಹತ್ತಿರ ನಿಂತು ಮೆಲ್ಲಗೆ ಹೇಳಿದ. ಈಗ ಮೂಗು ಮುಚ್ಚಿಕೊಂಡಿರಲಿಲ್ಲ.

"ಮೂರನೇ ಕಂತು ಯಾವತ್ತು ಅಂತ ನನಗೂ ಗೊತ್ತಿದೆ. ಬ್ಯಾಂಕು ಹರಾಜು ಹಾಕುತ್ತೆ, ನಾನೇ ಕೂಗ್ತೀನಿ. ಅರ್ಧ ಬೆಲೆಗೆ. ಅಲ್ಲೀವರೆಗೂ ಇಲ್ಲಿಗೆ ಒಂದು ಕಾಗೆನೂ ಬರದ ಹಾಗೆ ನೋಡ್ಕೋತೀನಿ."

ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ. ಹದಿನೈದು ದಿನದಲ್ಲಿ ಮೂರು ಮನೆಯೂ ಖಾಲಿಯಾಯಿತು. ಬಟ್ಟೆ ಅಂಗಡಿಯವನು ಹೋಗುವಾಗ ನಲ್ಲಿಗಳನ್ನು ಮುರಿದು ಹೋದ. ಪೊಲೀಸ್ ಠಾಣೆಯಲ್ಲಿ ಎಲ್ಲರಿಗೂ ಅವಳ ಗುರುತಿತ್ತು, ಹೆಣ ತರುವವರು ಅವರೇ ತಾನೇ. ಹೊರಗಿನ ಬೆಂಚಿನಲ್ಲಿ ಕೂರಿಸಿ ದೂರು ಬರೆದುಕೊಂಡರು, ನೋಡೋಣ ಎಂದರು. ಒಂದು ಬೆಳಿಗ್ಗೆ ಟ್ಯಾಂಕಿನಲ್ಲಿ ಸತ್ತ ನಾಯಿ ತೇಲುತ್ತಿತ್ತು. ಅಕ್ಕ ಅದನ್ನು ಎತ್ತಿ, ಹೂತು, ಟ್ಯಾಂಕಿಗೆ ಇಳಿದು ಮೂರು ಸಲ ತೊಳೆದಳು. ಹೆದರಿಸಲು ಹೆಣ ಕಳಿಸಿದವನ ಬುದ್ಧಿಗೆ ಮಗಳು ಅಂದು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಇಬ್ಬರೂ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದರು.

ಯಾಕೆಂದರೆ ಅವರಿಬ್ಬರೂ ಆ ಹೊತ್ತಿಗೆ ಮೇಷ್ಟ್ರಿದ್ದ ಮನೆಗೆ ಬಂದು ಸೇರಿದ್ದರು. ಆಸ್ಪತ್ರೆಯ ಕ್ವಾರ್ಟರ್ಸು ಬಿಟ್ಟುಕೊಟ್ಟರೆ ಸಂಬಳದ ಜೊತೆ ಮನೆ ಬಾಡಿಗೆ ಭತ್ಯೆ ಸಿಗುತ್ತದೆ, ಅಕ್ಕ ಅದನ್ನು ಲೆಕ್ಕ ಹಾಕಿದ್ದಳು. ಆದರೂ ಕಂತಿಗೆ ಸಾಲದು. ಮೇಲಿನ ಎರಡು ಮನೆಯಲ್ಲಿ ಒಂದಾದರೂ ತುಂಬಬೇಕು, ತಿಂಗಳ ಕೊನೆಯೊಳಗೆ. ಹಿತ್ತಾಳೆ ಫಲಕ ಕಿತ್ತು ಹಾಕಿ, ತಗಡಿನ ಮೇಲೆ ತಾನೇ ಬಣ್ಣದಲ್ಲಿ ಬರೆದು ತೂಗುಹಾಕಿದಳು. ಮನೆ ಬಾಡಿಗೆಗೆ ಇದೆ. ಓನರ್ ಶವಾಗಾರದಲ್ಲಿ ಕೆಲಸ ಮಾಡುತ್ತಾರೆ. ಒಪ್ಪಿಗೆ ಇದ್ದವರು ಬರಬಹುದು.

ಬರುತ್ತಿದ್ದರು. ಮೊದಲ ಸಾಲು ಓದಿ ಗೇಟಿಗೆ ಕೈ ಹಾಕುತ್ತಿದ್ದರು, ಎರಡನೇ ಸಾಲು ಓದಿ ಕೈ ತೆಗೆಯುತ್ತಿದ್ದರು. ಮಗಳು ಕಿಟಕಿಯಿಂದ ಎಣಿಸಿದಳು, ಒಂಬತ್ತು ಜನ.

"ಅಮ್ಮಾ, ಆ ಒಂದು ಸಾಲು ಒರೆಸಿಬಿಡೋಣ. ಒಂದೇ ಒಂದು ಸಾಲು."

"ಎರಡು ವರ್ಷ ಒರೆಸಿಟ್ಟಿದ್ವಲ್ಲೇ. ಏನಾಯ್ತು?"

ತಿಂಗಳು ಮುಗಿಯಲು ಐದು ದಿನ ಇರುವಾಗ, ಮಟಮಟ ಮಧ್ಯಾಹ್ನ, ಒಬ್ಬ ಬಂದ. ಒಗೆದ ಶರ್ಟು, ಒದ್ದೆ ಮಾಡಿ ಬಾಚಿದ ಕೂದಲು. ಪಕ್ಕದಲ್ಲಿ ಹೆಂಡತಿ, ಅವಳ ಸೊಂಟದ ಮೇಲೆ ಮಗು. ಅವನು ಎರಡೂ ಸಾಲು ಓದಿದ. ಆಮೇಲೂ ಅಲ್ಲೇ ನಿಂತ. ಗೇಟು ಮುಟ್ಟಲಿಲ್ಲ, ರಸ್ತೆಯಿಂದಲೇ ಕೂಗಿದ.

"ಓನರಮ್ಮ ಇದ್ದಾರಾ?"

"ನಾನೇ," ಎಂದಳು ಅಕ್ಕ. ಆ ಮಾತು ಅವಳಿಗಿನ್ನೂ ಹೊಸದು.

"ಮೊದ್ಲೇ ಹೇಳ್ಬಿಡ್ತೀನಮ್ಮಾ. ನಾನು ಚರಂಡಿ ಗುಂಡಿಗೆ ಇಳಿಯೋನು. ಆಮೇಲೆ ಗೊತ್ತಾಗಿ ಸಾಮಾನು ಬೀದಿಗೆ ಹಾಕಿದ್ರೆ ಮಗು ಕಟ್ಕೊಂಡು ಕಷ್ಟ. ಈ ವರ್ಷದಲ್ಲೇ ಮೂರು ಸಲ ಆಯ್ತು."

ಅಕ್ಕ ಅವನ ತಲೆಯಾಚೆ ನೋಡಿದಳು. ಎದುರಿನ ರಸ್ತೆಯಲ್ಲಿ ಬ್ರೋಕರನ ಸ್ಕೂಟರು ನಿಂತಿತ್ತು. ಅವನು ಸೀಟಿನ ಮೇಲೆ ಕೂತು ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದ. ಹೆಣ ತೊಳೆಯುವವಳ ಮನೆಗೆ ಗುಂಡಿಗೆ ಇಳಿಯುವವನೂ ಬಂದ ಎಂದು ನಾಳೆಗೆ ಊರಿಗೆಲ್ಲ ಗೊತ್ತಾಗುತ್ತದೆ. ಉಳಿದ ಮನೆಗೆ ಈ ಜನ್ಮದಲ್ಲಿ ಯಾರೂ ಬರುವುದಿಲ್ಲ. ಕಟ್ಟಡದ ಬೆಲೆ ಇಳಿಯುತ್ತದೆ. ಅವಳ ತಲೆಯಲ್ಲಿ ಈ ಲೆಕ್ಕ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಿಹೋಯಿತು. ನಾಲಿಗೆಯ ತುದಿಗೆ ಒಂದು ಮಾತು ಬಂದು ಕೂತಿತು. ನನಗೇನಿಲ್ಲಪ್ಪಾ, ಜನ ಹಾಗೆ.

ಯಾರದು ಈ ಮಾತು ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೆಣ ತೊಳೆಯುವಾಗ ಒಂದು ದಿನವೂ ಆಗದ ಹೇಸಿಗೆ. ನಾನೂ ಆ ಬ್ರೋಕರನಂತಾಗಲು ಮೂರು ಬೀಗದಕೈ ಸಿಕ್ಕಿದ್ದೇ ಸಾಕಾಯಿತಲ್ಲ ಎಂದುಕೊಂಡಳು.

ಮಗಳು ಹಿಂದಿನಿಂದ ಸೆರಗು ಜಗ್ಗಿದಳು. "ಅಮ್ಮಾ, ಇವರು ಬಂದ್ರೆ ಆಮೇಲೆ ಯಾರೂ ಬರಲ್ಲ. ಬ್ಯಾಂಕಿನೋರೇ ಬರೋದು."

"ಬರ್ಲಿ," ಎಂದು ಅಕ್ಕ ಗೇಟು ತೆಗೆದಳು. "ಒಳಗೆ ಬನ್ನಿ. ಬಿಸಿಲಲ್ಲಿ ಮಗು ಇಟ್ಕೊಂಡು ಯಾಕೆ ನಿಂತಿದ್ದೀರಿ?"

ಅವರು ಹೊಸ್ತಿಲ ಬಳಿ ನಿಂತರು. ಒಳಗೆ ಬರಲು ಮತ್ತೆರಡು ಸಲ ಹೇಳಬೇಕಾಯಿತು. ಅವನು ಕುರ್ಚಿಯ ತುದಿಯಲ್ಲಿ ಕೂತು ಕೇಳಿದ.

"ಬಾಡಿಗೆ ಎಷ್ಟು ಜಾಸ್ತಿ ಕೊಡ್ಬೇಕಮ್ಮಾ?"

"ಜಾಸ್ತಿ ಯಾಕೆ?"

"ನಮಗೆ ಎಲ್ಲಾ ಕಡೆ ಜಾಸ್ತೀನೇ."

"ಮುಂಚೆ ಇದ್ದೋರು ಕೊಡ್ತಿದ್ದಷ್ಟೇ. ಕಮ್ಮಿನೂ ಮಾಡಲ್ಲ. ಕಂತು ಕಟ್ಟೋಕೆ ಅಷ್ಟೂ ಬೇಕು, ಆಗಲೂ ಕಟ್ಟಿ ಮುಗಿಸ್ತೀನೋ ಇಲ್ವೋ ಗೊತ್ತಿಲ್ಲ. ಮನೆ ಹರಾಜಾದ್ರೆ ನಿಮ್ಮ ಜೊತೆ ನಾನೂ ಬೀದಿಗೇ. ಇದನ್ನೂ ಮೊದ್ಲೇ ಹೇಳಿದ್ದೀನಿ, ಆಮೇಲೆ ಅನ್ನಬೇಡಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಮಗುವನ್ನು ನೆಲಕ್ಕೆ ಬಿಟ್ಟಿದ್ದಳು.

ಮಗಳು ಅಗ್ರಿಮೆಂಟಿನ ಕಾಗದ ತಂದು ನೆಲದ ಮೇಲೆ ಕೂತು ತುಂಬತೊಡಗಿದಳು. ಇಬ್ಬರ ಹೆಸರೂ ಬರೆದಳು, ವಿಳಾಸ ಬರೆದಳು. ಆಮೇಲೆ ಅವಳ ಕೈ ನಿಂತಿತು.

"ಇಬ್ಬರ ಉದ್ಯೋಗನೂ ಕೇಳ್ತಾರಮ್ಮಾ ಇಲ್ಲಿ. ನೌಕರಿ ಅಂತ ಬರೀಲಾ? ಎಲ್ಲರೂ ಹಾಗೇ ಬರೀತಾರೆ."

ಆ ಮನುಷ್ಯ ತಲೆ ತಗ್ಗಿಸಿದ. ಹಾಗೇ ಬರೀರಮ್ಮ ಎನ್ನಲು ಹೊರಟಿದ್ದ. ಹೊರಗೆ ಸ್ಕೂಟರು ಇನ್ನೂ ಅಲ್ಲೇ ಇತ್ತು.

"ನಂದು ಹೆಣ ತೊಳೆಯೋದು ಅಂತ ಬರಿ," ಎಂದಳು ಅಕ್ಕ. "ಅವರದು ಗುಂಡಿಗೆ ಇಳಿಯೋದು ಅಂತ ಬರಿ. ದಪ್ಪಗೆ ಬರಿ. ಹರಾಜಿಗೆ ಬರೋರು ಓದ್ಕೊಂಡೇ ಬರ್ಲಿ."